ಆಟಕ್ಕುಂಟು, ಲೆಕ್ಕಕ್ಕೂ ಉಂಟು: ಬಳ್ಳಾರಿಯ ಒಂದು ಬೇಸಿಗೆ ಖೋ-ಖೋ ಶಿಬಿರ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಏಳು ವರ್ಷದ ಮಗಳನ್ನು ಬಳ್ಳಾರಿ ನಗರದ ಒಂದು ಖಾಸಗಿ ಕ್ರೀಡಾ ತರಬೇತಿ ಕೇಂದ್ರ ನಡೆಸುವ ಮಕ್ಕಳ ಖೋ-ಖೋ ಶಿಬಿರಕ್ಕೆ ಒಂದು ತಿಂಗಳು ಕಳುಹಿಸಿದ್ದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ತರಬೇತಿ, ಭಾನುವಾರ ರಜೆ, ಶುಲ್ಕ 1,800 ರೂಪಾಯಿ, ಅದರ ಮೇಲೆ ಟೀ ಶರ್ಟಿಗೆ ಬೇರೆಯಾಗಿ 350 ರೂಪಾಯಿ. ಮನೆ ದೂರವಿದ್ದುದರಿಂದ ಮಗಳನ್ನು ಬಿಟ್ಟು ಹೋಗಿ ಮತ್ತೆ ಬರುವ ಬದಲು ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕುಳಿತು, ನಾಲ್ಕೈದು ದಿನಗಳನ್ನು ಬಿಟ್ಟರೆ ಇಡೀ ಶಿಬಿರವನ್ನು ಕಣ್ಣಾರೆ ನೋಡಿದೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮೆಚ್ಚುಗೆಯ ಜೊತೆಗೆ ಗಟ್ಟಿಯಾದ ದೂರುಗಳೂ ನನ್ನಲ್ಲಿವೆ, ಮತ್ತು ನಾನು ವಿಚಾರಿಸಿದ ಮಟ್ಟಿಗೆ ಆ ದೂರುಗಳು ಒಂದೇ ಕೇಂದ್ರಕ್ಕೆ ಸೀಮಿತವಾದವಲ್ಲ. ಹೆಸರಿಗಿಂತ ಅಲ್ಲಿ ನಡೆದದ್ದೇನು ಎಂಬುದು ಮುಂದಿನ ಬೇಸಿಗೆಯಲ್ಲಿ ಮಕ್ಕಳನ್ನು ಸೇರಿಸಬೇಕೆಂದಿರುವ ತಂದೆತಾಯಿಗಳಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲಿಗೆ ನಾನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇನೆ ಎಂಬುದನ್ನು ಹೇಳಿಬಿಡಬೇಕು. ಮಗಳು ದೊಡ್ಡ ಆಟಗಾರ್ತಿಯಾಗಲಿ ಎಂಬ ಆಸೆಯಿಂದ ನಾನು ಅವಳನ್ನು ಸೇರಿಸಲಿಲ್ಲ. ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಆರಂಭವಾದಾಗಿನಿಂದ, ಒಲಿಂಪಿಕ್ಸ್ ಕನಸಿನ ಕ್ರೀಡಾಪಟುಗಳು ಇಲ್ಲೇ ಪಕ್ಕದಲ್ಲಿ ತರಬೇತಿ ಪಡೆಯುತ್ತಿದ್ದಾರೆ ಎಂಬ ಸಂಗತಿ ಬಳ್ಳಾರಿಯ ಅನೇಕ ಮನೆಗಳಲ್ಲಿ ಹೊಸ ಆಸೆಯನ್ನು ಹುಟ್ಟಿಸಿದೆ. ಅದು ತಪ್ಪೂ ಅಲ್ಲ. ನನ್ನ ಮನೆಯ ಸಮಸ್ಯೆ ಮಾತ್ರ ಬೇರೆಯಾಗಿತ್ತು. ಒಬ್ಬಳೇ ಮಗಳು. ಹಾವು-ಏಣಿ ಆಟದಲ್ಲಿ ದೊಡ್ಡ ಹಾವಿನ ಬಾಯಿಗೆ ಬಿದ್ದರೆ ಹಾಸನ್ನೇ ಮಗುಚಿ ಎದ್ದು ಹೋಗುವ ಸ್ವಭಾವ. ಶಾಲೆಯಲ್ಲಿ ಅವಳ ತರಗತಿ ಶಿಕ್ಷಕಿ, "ಬುದ್ಧಿವಂತೆ, ಆದರೆ ತನ್ನ ಸರದಿ ಬರುವ ತನಕ ಕಾಯುವುದಿಲ್ಲ" ಎಂದು ಎರಡು ಸಲ ಹೇಳಿದ್ದರು. ಆದ್ದರಿಂದ ಆರರಿಂದ ಹತ್ತು ವರ್ಷದ ಮಕ್ಕಳು ತಂಡದ ಆಟದಿಂದ ಒಬ್ಬರೊಡನೊಬ್ಬರು ಬಾಳುವುದನ್ನು ಎಷ್ಟರಮಟ್ಟಿಗೆ ಕಲಿಯುತ್ತಾರೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು, ಮತ್ತು ಈ ವಿಮರ್ಶೆಯೂ ಅದರ ಬಗ್ಗೆಯೇ.

ಅದೇ ಕೇಂದ್ರದಲ್ಲಿ ಕ್ರಿಕೆಟ್ ಶಿಬಿರವೂ ಇತ್ತು, ಅದಕ್ಕೇ ನೂಕುನುಗ್ಗಲು. ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗ ಅಲ್ಲಿಗೆ ಸೇರಿದ್ದ. ಒಂದು ಪಿಚ್ಚು, ನಲವತ್ತರ ಹತ್ತಿರ ಮಕ್ಕಳು. ಎರಡು ಗಂಟೆಯಲ್ಲಿ ಒಬ್ಬೊಬ್ಬ ಹುಡುಗನಿಗೆ ಸಿಗುತ್ತಿದ್ದದ್ದು ಆರು ಎಸೆತ. ಉಳಿದ ಹೊತ್ತು ಅವರು ಗಡಿಯ ಬಳಿ ನಿಂತು ಕಲ್ಲು ಆರಿಸುತ್ತಿದ್ದರು. ಬ್ಯಾಟು ಯಾರದ್ದೋ ಮೊದಲ ಬ್ಯಾಟಿಂಗ್ ಅವರದ್ದೇ ಎಂಬ ಗಲ್ಲಿ ಕ್ರಿಕೆಟ್ಟಿನ ಹಳೆಯ ಕಾನೂನು ಅಲ್ಲಿಯೂ ಹೆಚ್ಚುಕಡಿಮೆ ಜಾರಿಯಲ್ಲಿತ್ತು. ಕ್ರಿಕೆಟ್ ತಂಡದ ಆಟವೇ ಹೌದು. ಆದರೆ ಚಿಕ್ಕ ಮಕ್ಕಳ ಕೈಯಲ್ಲಿ, ಅದರಲ್ಲೂ ಇಷ್ಟು ದೊಡ್ಡ ಗುಂಪಿನಲ್ಲಿ, ಅದು ಇಬ್ಬರು ಆಡುವ ಮತ್ತು ಉಳಿದವರು ನಿಲ್ಲುವ ಆಟವಾಗಿಬಿಡುತ್ತದೆ. ಈ ವಯಸ್ಸಿಗೆ ಅದನ್ನು ನಾನು ಶಿಫಾರಸು ಮಾಡಲಾರೆ.

ಖೋ-ಖೋ ಹಾಗಲ್ಲ ಎಂಬುದು ನನಗೆ ಗೊತ್ತಾದದ್ದು ಮೂರನೆಯ ದಿನ. ಬೆನ್ನಟ್ಟುವ ತಂಡದ 9 ಮಂದಿಯಲ್ಲಿ 8 ಮಂದಿ ನಡುಸಾಲಿನ ಚೌಕಗಳಲ್ಲಿ ಕುಳಿತಿರುತ್ತಾರೆ. ಒಬ್ಬರ ಮುಖ ಈ ಕಡೆಗಿದ್ದರೆ ಪಕ್ಕದವರ ಮುಖ ಆ ಕಡೆಗೆ. ಒಂಬತ್ತನೆಯವರೊಬ್ಬರೇ ಓಡುವುದು. ಎದುರು ತಂಡದವರು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಅವರು ಸಾಲಿನ ನಡುವೆ ನುಸುಳಬಹುದು, ದಿಕ್ಕು ಬದಲಿಸಬಹುದು. ಬೆನ್ನಟ್ಟುವವರಿಗೆ ಮಾತ್ರ ಸಾಲು ದಾಟುವ ಸ್ವಾತಂತ್ರ್ಯವೂ ಇಲ್ಲ, ಹಿಡಿದ ದಿಕ್ಕನ್ನು ಕಂಬದವರೆಗೆ ಬಿಡುವ ಸ್ವಾತಂತ್ರ್ಯವೂ ಇಲ್ಲ. ಹೀಗಾಗಿ ಎಷ್ಟೇ ಚುರುಕಾದ ಮಗುವೂ ಒಬ್ಬಂಟಿಯಾಗಿ ಓಡಿ ಯಾರನ್ನೂ ಸುಲಭವಾಗಿ ಮುಟ್ಟಲಾರದು. ಸಾಲಿನ ಆ ಬದಿಗೆ ಎದುರಾಳಿ ಜಾರಿದ ಕೂಡಲೇ ಆ ಬದಿಗೆ ಮುಖ ಮಾಡಿ ಕುಳಿತವರ ಬೆನ್ನು ತಟ್ಟಿ "ಖೋ" ಎಂದು ತನ್ನ ಓಟವನ್ನು ಅವರಿಗೆ ಒಪ್ಪಿಸಿ ತಾನು ಅವರ ಜಾಗದಲ್ಲಿ ಕೂರಬೇಕು. ಬೆನ್ನಟ್ಟುತ್ತಿರುವ ಖುಷಿಯ ನಡುವೆಯೇ ಆಟವನ್ನು ಬಿಟ್ಟುಕೊಡುವುದು ಏಳು ವರ್ಷದ ಮಗುವಿಗೆ ಸಣ್ಣ ಕೆಲಸವಲ್ಲ. ಮೊದಲ ವಾರದಲ್ಲಿ ಯಾರೂ ಕೊಡುತ್ತಲೇ ಇರಲಿಲ್ಲ; ಒಬ್ಬ ಹುಡುಗ ಕಂಬದಿಂದ ಕಂಬಕ್ಕೆ ಐದು ಸುತ್ತು ಓಡಿ, ಏದುಸಿರು ಬಿಡುತ್ತ, ಕೊನೆಗೂ ಖೋ ಕೊಡದೆ ನೆಲಕ್ಕೆ ಕುಸಿದು ಕುಳಿತದ್ದನ್ನು ನೋಡಿದ್ದೇನೆ.

ಓಡುವುದಕ್ಕಿಂತ ಕೂರುವುದು ಕಷ್ಟ. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂಬುದು ಕುಳಿತ ಮಗುವಿಗೆ ಪೂರ್ತಿ ಕಾಣುವುದಿಲ್ಲ. ಧ್ವನಿ ಕೇಳುವ ತನಕ, ಸ್ಪರ್ಶ ತಾಗುವ ತನಕ ಏಳುವಂತಿಲ್ಲ. ಮೊದಲೇ ಎದ್ದರೆ ಫೌಲ್. ಆಗ ಬೆನ್ನಟ್ಟುವವರು ಹೋಗುತ್ತಿದ್ದ ದಿಕ್ಕಿಗೆ ಬೆನ್ನು ಮಾಡಿ ಹಿಂದಿರುಗಬೇಕಾಗುತ್ತದೆ, ಅಷ್ಟರಲ್ಲಿ ಎದುರಾಳಿ ತಪ್ಪಿಸಿಕೊಂಡಿರುತ್ತಾನೆ. ಒಬ್ಬರ ಅವಸರಕ್ಕೆ ಒಂಬತ್ತು ಮಂದಿ ಬೆಲೆ ತೆರುವ ಈ ನಿಯಮವನ್ನು ನನ್ನ ಮಗಳಿಗೆ ಬಾಯಿಮಾತಿನಲ್ಲಿ ವಿವರಿಸಿದ್ದರೆ ಆಕಳಿಸುತ್ತಿದ್ದಳು. ಆದರೆ ಅವಳ ಅವಸರದಿಂದ ತಪ್ಪಿಸಿಕೊಂಡ ಆಟಗಾರನನ್ನು ತೋರಿಸಿ, ಪಕ್ಕದ ಚೌಕದಲ್ಲಿ ಕುಳಿತಿದ್ದ ಎಂಟು ವರ್ಷದ ಹುಡುಗಿಯೊಬ್ಬಳು, "ನೀ ಯಾಕ ಎದ್ದಿ? ಖೋ ಕೊಟ್ಟಿದ್ದೇ ಇಲ್ಲಲ್ಲ!" ಎಂದು ಕಣ್ಣರಳಿಸಿ ಕೇಳಿದಾಗ ಅವಳಿಗೆ ಅರ್ಥವಾಯಿತು. ನಾನು ಹೇಳಿದ್ದಲ್ಲ, ಶಿಕ್ಷಕಿ ಹೇಳಿದ್ದಲ್ಲ, ಓರಗೆಯವಳು ಕೇಳಿದ್ದು. ಮಗಳು ಅಳಲಿಲ್ಲ, ಮುಂದಿನ ಸರದಿಯಲ್ಲಿ ಎರಡೂ ಕೈಗಳನ್ನು ನೆಲಕ್ಕೆ ಒತ್ತಿ ಹಿಡಿದು ಕುಳಿತಿದ್ದಳು.

ಮುಖ್ಯ ತರಬೇತುದಾರರು ಸರ್ಕಾರಿ ಶಾಲೆಯಿಂದ ನಿವೃತ್ತರಾದ ದೈಹಿಕ ಶಿಕ್ಷಕರು. ಹಳೆಯ ತಲೆಮಾರಿನ ಪಿ.ಟಿ. ಮಾಸ್ತರು. ಮಾತು ಕಡಿಮೆ, ಸೀಟಿ ಊದುವುದು ಇನ್ನೂ ಕಡಿಮೆ. ಈ ಶಿಬಿರದಲ್ಲಿ ಮೆಚ್ಚತಕ್ಕದ್ದೇನಾದರೂ ಇದ್ದರೆ ಅದರ ಬಹುಪಾಲು ಅವರಿಗೆ ಸಲ್ಲಬೇಕು. ತಂಡ ಕಟ್ಟುವ ಅವರ ಬಗೆಯನ್ನೇ ನೋಡಿ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಿ ಎಂದರೆ ಕೊನೆಗೆ ಉಳಿಯುವ ಮಗು ಯಾವುದು ಎಂಬುದು ಆಟ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ, ಆ ಮಗುವಿಗೂ. ಇವರು ನಮ್ಮ ಹಳ್ಳಿಗಳ ಹಳೆಯ ಪದ್ಧತಿಯನ್ನೇ ಹಿಡಿದರು. ಸರಿಸುಮಾರು ಒಂದೇ ಕಸುವಿನ ಇಬ್ಬಿಬ್ಬರು ಜೋಡಿಯಾಗಿ ದೂರ ಹೋಗಿ, ಹೆಗಲ ಮೇಲೆ ಕೈ ಹಾಕಿಕೊಂಡು, ತಮಗೆ ಗುಟ್ಟಾಗಿ ಹೆಸರಿಟ್ಟುಕೊಂಡು ಬರಬೇಕು. ಬಂದು ನಾಯಕರ ಮುಂದೆ ನಿಂತು "ಸೂರ್ಯ ಬೇಕೋ, ಚಂದ್ರ ಬೇಕೋ?" ಎಂದು ಕೇಳಬೇಕು. ನಾಯಕ ಸೂರ್ಯ ಎಂದರೆ ಸೂರ್ಯನಾದವನು ಅವನ ಪಾಲಿಗೆ, ಚಂದ್ರ ಇನ್ನೊಂದು ತಂಡಕ್ಕೆ. ಯಾರೂ ಕೊನೆಯವರಲ್ಲ, ಯಾರನ್ನೂ ಯಾರೂ ಬೇಡವೆನ್ನಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಹೆಸರುಗಳು ಸೂರ್ಯ ಚಂದ್ರರನ್ನು ದಾಟಿ ಮಿರ್ಚಿ-ಮಂಡಾಳು, ಕೋಟೆ-ಗುಡ್ಡ, ಕೊನೆಗೆ ಇಬ್ಬರು ನಟರ ಹೆಸರಿನವರೆಗೂ ಬಂದಿದ್ದವು. ನಟರ ಹೆಸರಿನ ದಿನ ಮಾತ್ರ ನಾಯಕರಲ್ಲೇ ಜಗಳವಾಯಿತು.

ಚಿಕ್ಕವರನ್ನು ನಡೆಸಿಕೊಂಡ ರೀತಿಯ ಬಗ್ಗೆಯೂ ಹೇಳಬೇಕು. ಅಣ್ಣ ಅಕ್ಕಂದಿರ ಜೊತೆಗೆ ಬಂದ ಐದು ವರ್ಷದ ಇಬ್ಬರು ಮಕ್ಕಳಿದ್ದರು. ಇಂಥವರನ್ನು ನಮ್ಮಲ್ಲಿ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಾರೆ. ನಮ್ಮೂರಿನ ತೆಲುಗು ಮಕ್ಕಳ ಬಾಯಲ್ಲಿ ಅದೇ 'ಆಟಲೋ ಅರಟಿಪಂಡು', ಆಟದೊಳಗಿನ ಬಾಳೆಹಣ್ಣು. ಹೊರಗಿಡುವುದಕ್ಕಿಂತ ಇದು ಮೇಲೇ ಎಂದು ನಾನು ಅಂದುಕೊಂಡಿದ್ದೆ. ಮಾಸ್ತರು ಅದನ್ನೂ ಒಪ್ಪಲಿಲ್ಲ. ಚಿಕ್ಕ ಮಗುವನ್ನು ಕಂಬದ ಪಕ್ಕದ ಚೌಕದಲ್ಲಿ ಕೂರಿಸಿ, ಅದಕ್ಕೆ ಖೋ ಕೊಟ್ಟ ಕೂಡಲೇ ಅದು ಪಕ್ಕದವರಿಗೆ ಖೋ ಕೊಟ್ಟರೆ ಸಾಕು ಎಂದರು. ಮುಟ್ಟಿದರೆ ಎಲ್ಲರಂತೆ ಒಂದು ಅಂಕ, ತಪ್ಪಿದರೆ ಎಲ್ಲರಂತೆ ಫೌಲ್. ದೊಡ್ಡ ಮಕ್ಕಳು ಮೊದಲಿಗೆ ಗೊಣಗಿದರು. ಆಮೇಲೆ ಆ ಮಗುವಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಬೀಳದಷ್ಟು ಮೆತ್ತಗೆ ಖೋ ಕೊಡುವುದು ಹೇಗೆ ಎಂದು ತಾವೇ ಲೆಕ್ಕ ಹಾಕತೊಡಗಿದರು. ಎದುರಿಗಿರುವವರ ಕಸುವಿಗೆ ತಕ್ಕಂತೆ ತನ್ನ ಕಸುವನ್ನು ತಗ್ಗಿಸಿಕೊಳ್ಳುವುದನ್ನು ಶಾಲೆಯ ಯಾವ ಪಾಠದಲ್ಲಿ ಕಲಿಸುತ್ತಾರೋ ನನಗೆ ತಿಳಿಯದು.

ಖೋ-ಖೋದಲ್ಲಿ ಮುಟ್ಟಿದ್ದು ಹೌದೋ ಅಲ್ಲವೋ ಎಂಬುದು ಎಷ್ಟೋ ಸಲ ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಪ್ರತಿ ಐದು ನಿಮಿಷಕ್ಕೊಮ್ಮೆ "ಮುಟ್ಟಿದೆ", "ಮುಟ್ಟಿಲ್ಲ", "ತೊಂಡಿ, ತೊಂಡಿ" ಎಂಬ ಗದ್ದಲ. ಇಲ್ಲಿ ತೀರ್ಪುಗಾರರೊಬ್ಬರು ಸೀಟಿ ಊದಿ ನಿರ್ಧರಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಮಾಸ್ತರು, "ನೀವಿಬ್ರೂ ಮಾತಾಡಿಕೊಂಡು ಬಂದು ಹೇಳ್ರಿ, ನಾವು ಕುಂತಿರ್ತೀವಿ" ಎಂದು ನಿಜವಾಗಿಯೂ ನೆಲದ ಮೇಲೆ ಕುಳಿತುಬಿಡುತ್ತಿದ್ದರು. ಉಳಿದ ಮಕ್ಕಳು ಆಟ ನಿಂತ ಸಿಟ್ಟಿಗೆ ಒತ್ತಾಯಿಸುತ್ತಿದ್ದರು. ಇಬ್ಬರಲ್ಲಿ ಒಬ್ಬರು ಕೊನೆಗೆ ಒಪ್ಪಲೇಬೇಕಾಗುತ್ತಿತ್ತು. ಮೊದಲ ವಾರದಲ್ಲಿ ಗಟ್ಟಿ ಗಂಟಲಿನವರೇ ಗೆದ್ದರು ಎಂಬುದನ್ನು ಮರೆಮಾಚುವುದಿಲ್ಲ. ಮೂರನೆಯ ವಾರದ ಹೊತ್ತಿಗೆ ಕೌಲ್ ಬಜಾರ್ ಕಡೆಯ ಒಬ್ಬ ಪುಟ್ಟ ಹುಡುಗ, ಯಾರೂ ನೋಡಿರದಿದ್ದಾಗ, ತಾನೇ ಕೈ ಎತ್ತಿ "ಅಂಗಿ ತಾಗೈತಿ" ಎಂದು ಹೊರನಡೆದ. ಅವನ ತಂಡದವರು ಅವನನ್ನು ಬೈದರು. ಎದುರು ತಂಡದವರು ಚಪ್ಪಾಳೆ ತಟ್ಟಿದರು. ಆ ಎರಡು ಸದ್ದುಗಳ ನಡುವೆ ನಿಂತಿದ್ದ ಅವನ ಮುಖ ನನಗೆ ಇನ್ನೂ ನೆನಪಿದೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗೋಲಿಯಾಡುವ ಮಕ್ಕಳ ಜೊತೆ ತಾನೂ ಕುಳಿತು, ಈ ನಿಯಮ ಯಾರು ಮಾಡಿದ್ದು, ಬದಲಿಸಬಹುದೇ ಎಂದು ಕೇಳಿ ನೋಡಿ, 1932ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ತೀರ ಚಿಕ್ಕವರು ಒಟ್ಟಿಗೆ ಕುಳಿತಿದ್ದರೂ ತಮ್ಮ ತಮ್ಮ ಆಟವನ್ನೇ ಆಡುತ್ತಾರೆ, ಎಲ್ಲರೂ ಗೆದ್ದೆವೆನ್ನುತ್ತಾರೆ. ಏಳೆಂಟು ವರ್ಷದ ಹೊತ್ತಿಗೆ ಗೆಲ್ಲುವ ಹಟ ಬರುತ್ತದೆ ಮತ್ತು ಅದರೊಂದಿಗೆ ಎಲ್ಲರಿಗೂ ಒಂದೇ ನಿಯಮ ಬೇಕೆಂಬ ಅರಿವು ಬರುತ್ತದೆ. ಹನ್ನೊಂದು ಹನ್ನೆರಡಕ್ಕೆ ನಿಯಮಗಳನ್ನು ತಾವೇ ಒಪ್ಪಂದದಿಂದ ಕಟ್ಟಬಲ್ಲವರಾಗುತ್ತಾರೆ ಎಂಬುದು ಅವರ ನೋಟ. ನಮ್ಮ ಮೈದಾನದಲ್ಲಿ ಐದರವರು, ಏಳರವರು, ಹತ್ತರವರು ಒಂದೇ ಸಾಲಿನಲ್ಲಿ ಕುಳಿತಿದ್ದುದರಿಂದ ಈ ಮೂರೂ ಮೆಟ್ಟಿಲುಗಳು ಒಂದೇ ಬೆಳಿಗ್ಗೆ ಕಾಣಿಸುತ್ತಿದ್ದವು. ಐದರ ಮಗು ಔಟಾದರೂ ನಗುತ್ತಲೇ ಓಡುತ್ತಿತ್ತು. ಏಳರ ನನ್ನ ಮಗಳು ನಿಯಮವನ್ನು ಕಲ್ಲಿನ ಮೇಲಿನ ಶಾಸನದಂತೆ ಹಿಡಿದು ವಾದಿಸುತ್ತಿದ್ದಳು. ಹತ್ತರ ಹುಡುಗಿಯೊಬ್ಬಳು, "ಇವತ್ತು ನೆಲ ಜಾರ್ತೈತಿ, ಕಂಬ ಮುಟ್ಟೋದು ಬೇಡ, ಗೆರೆ ಮುಟ್ಟಿದ್ರ ಸಾಕು ಅಂತ ಮಾಡೋಣ" ಎಂದು ಎರಡೂ ತಂಡಗಳನ್ನು ಒಪ್ಪಿಸಿದಳು. ಇದರ ನಡುವೆ ಕೆಲವು ತಂದೆತಾಯಿಗಳು, ತರಬೇತಿಗಿಂತ ಜಗಳ ಬಿಡಿಸುವುದೇ ಹೆಚ್ಚಾಯಿತು ಎಂದು ಕಚೇರಿಯಲ್ಲಿ ದೂರು ಕೊಟ್ಟರು. ನಾನು ಹಣ ಕೊಟ್ಟಿದ್ದು ಆ ಜಗಳಗಳಿಗೇ ಎಂದು ಅವರಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಶನಿವಾರ ಮಾತ್ರ ಕಬಡ್ಡಿ. ಅದರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲವಾದರೂ ಒಂದು ನಿಯಮವನ್ನು ಹೇಳದಿರಲಾರೆ. ಔಟಾಗಿ ಹೊರಗೆ ಕುಳಿತವನು ಮತ್ತೆ ಒಳಗೆ ಬರಬೇಕಾದರೆ ತನ್ನ ತಂಡದ ಬೇರೊಬ್ಬನು ಎದುರಾಳಿಯನ್ನು ಔಟ್ ಮಾಡಬೇಕು. ಹೊರಹೋದ ಸರದಿಯಲ್ಲೇ ಒಬ್ಬೊಬ್ಬರಿಗೆ ಜೀವ ಬರುತ್ತದೆ. ಹೀಗಾಗಿ ಹೊರಗೆ ಕುಳಿತ ಮಗು ಮುನಿಸಿಕೊಂಡು ಕೂರುವ ಬದಲು ಇನ್ನೊಬ್ಬರ ಗೆಲುವಿಗಾಗಿ ಗಂಟಲು ಹರಿಯುವಂತೆ ಕೂಗುತ್ತದೆ. ಬೇರೆಯವರ ಯಶಸ್ಸಿನಲ್ಲಿ ತನ್ನ ಸ್ವಾರ್ಥವೂ ಬೆರೆತಿರುವ ಈ ಏರ್ಪಾಡು ಬರೀ ಉಪದೇಶಕ್ಕಿಂತ ಎಷ್ಟೋ ಪಾಲು ಪ್ರಾಮಾಣಿಕವಾದದ್ದು.

ಎರಡನೆಯ ವಾರದಲ್ಲಿ ಟೀ ಶರ್ಟುಗಳು ಬಂದವು, ಅರ್ಧದಷ್ಟು ಕೆಂಪು, ಅರ್ಧದಷ್ಟು ನೀಲಿ. ಫೋಟೋ ಚೆನ್ನಾಗಿ ಬರಲಿ ಎಂಬ ಕಾರಣಕ್ಕೆ ಕೇಂದ್ರದವರು ತಂಡಗಳನ್ನು ಖಾಯಂ ಮಾಡಿದರು. ಜೋಡಿ ಹೆಸರಿನ ಪದ್ಧತಿ ಅಲ್ಲಿಗೆ ನಿಂತಿತು. ನಾಲ್ಕೇ ದಿನಗಳಲ್ಲಿ ಕೆಂಪಿನವರು ನೀಲಿಯವರ ಪಕ್ಕದಲ್ಲಿ ಕೂರುವುದನ್ನು ಬಿಟ್ಟರು; ನೀರಿನ ಡ್ರಮ್ಮಿನ ಬಳಿ ನೂಕಾಟ ಶುರುವಾಯಿತು; ದಿನವೂ ನಮ್ಮ ಸ್ಕೂಟರಿನಲ್ಲೇ ಬರುತ್ತಿದ್ದ ಗೆಳತಿಯನ್ನು, "ಅಕಿ ನೀಲಿ, ಇವತ್ತು ಅಕಿ ಬ್ಯಾಡ" ಎಂದು ನನ್ನ ಮಗಳು ತಡೆದಳು. ತಂಡದ ಆಟ ಒಗ್ಗಟ್ಟನ್ನು ಕಲಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಒಗ್ಗಟ್ಟು ಯಾರ ವಿರುದ್ಧ ಎಂಬುದನ್ನು ಕೇಳುವವರು ಕಡಿಮೆ. 1954ರಲ್ಲಿ ಅಮೆರಿಕದ ಒಕ್ಲಹಾಮದಲ್ಲಿ ಮುಜಫರ್ ಶೆರಿಫ್ ಎಂಬ ಸಮಾಜ ಮನೋವಿಜ್ಞಾನಿ ಇಂಥದ್ದೇ ಒಂದು ಬೇಸಿಗೆ ಶಿಬಿರದಲ್ಲಿ, ಹನ್ನೊಂದರ ಆಸುಪಾಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಬೇಸ್‌ಬಾಲ್, ಹಗ್ಗ ಜಗ್ಗಾಟಗಳ ಪೈಪೋಟಿಗೆ ಬಿಟ್ಟಿದ್ದರು. ಅಪರಿಚಿತರಾಗಿ ಬಂದ ಹುಡುಗರು ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನೊಬ್ಬರು ಸುಡುವ ಮಟ್ಟಕ್ಕೆ ಮುಟ್ಟಿದರು. ಬರೀ ಒಟ್ಟಿಗೆ ಕೂರಿಸಿ ಊಟ ಹಾಕಿದ್ದರಿಂದ ಅದು ಶಮನವಾಗಲಿಲ್ಲ. ಶಿಬಿರದ ನೀರು ಪೂರೈಕೆ ಕೆಟ್ಟಾಗ ಎರಡೂ ಗುಂಪು ಸೇರಿ ದುರಸ್ತಿ ಮಾಡಬೇಕಾಗಿ ಬಂದದ್ದು, ನಿಂತ ಲಾರಿಯನ್ನು ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆಯಬೇಕಾಗಿ ಬಂದದ್ದು, ಇಂಥ ಕೆಲಸಗಳೇ ಅವರನ್ನು ಹತ್ತಿರ ತಂದವು.

ನಮ್ಮ ಮಾಸ್ತರು ಶೆರಿಫ್ ಅವರ ಹೆಸರನ್ನು ಕೇಳಿರಲಾರರು. ಆದರೆ ಬಳ್ಳಾರಿಯ ಬೇಸಿಗೆ ಅವರಿಗೆ ಅಂಥದ್ದೇ ಒಂದು ಉಪಾಯವನ್ನು ಒದಗಿಸಿತು. ಗರಸು ನೆಲಕ್ಕೆ ದಿನವೂ ನೀರು ಚಿಮುಕಿಸದಿದ್ದರೆ ಆರೂವರೆಗೇ ದೂಳು ಎದ್ದು ಆಟ ಸಾಗದು; ಒಂದು ದಿನ ಟ್ಯಾಂಕರ್ ಬರಲಿಲ್ಲ. ಮೈದಾನದ ಆ ತುದಿಯ ತೊಟ್ಟಿಯಿಂದ ಕೆಂಪಿನವರೊಬ್ಬರು, ನೀಲಿಯವರೊಬ್ಬರು ಜೋಡಿಯಾಗಿ ಒಂದೊಂದು ಬಕೆಟ್ಟನ್ನು ಹೊತ್ತು ತರಬೇಕೆಂದು ಅವರು ಹೇಳಿದರು. ಒಬ್ಬರೇ ಎತ್ತಲಾಗದಷ್ಟು ಭಾರ, ಇಬ್ಬರ ಹೆಜ್ಜೆ ಹೊಂದದಿದ್ದರೆ ಕಾಲಿಗೆ ನೀರು. ಅರ್ಧ ಗಂಟೆ ಹೋಯಿತು, ಎಲ್ಲರೂ ಒದ್ದೆಯಾದರು. ಮರುದಿನ ಟ್ಯಾಂಕರ್ ಬಂದರೂ ಮಾಸ್ತರು ಬಕೆಟ್ಟುಗಳನ್ನು ಬಿಡಲಿಲ್ಲ. ಸುಣ್ಣದ ಗೆರೆ ಹಾಕುವ ಕೆಲಸವನ್ನೂ ಜೋಡಿಗಳಿಗೇ ಹಂಚಿದರು. ಟೀ ಶರ್ಟನ್ನು ಫೋಟೋ ದಿನ ಹಾಕಿಕೊಳ್ಳಿ, ಉಳಿದ ದಿನ ಬೇಡ ಎಂದರು. ಸ್ಕೂಟರಿನ ಹಿಂಬದಿಯಲ್ಲಿ ಗೆಳತಿಗೆ ಮತ್ತೆ ಜಾಗ ಸಿಕ್ಕಿತು.

ಬಳ್ಳಾರಿಯ ಮೈದಾನ ಎಂದರೆ ಒಂದೇ ಭಾಷೆಯ ಮೈದಾನವಲ್ಲ. ಆ ಇಪ್ಪತ್ತೆಂಟು ಮಕ್ಕಳಲ್ಲಿ ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಆಡುವವರು ಬೆರೆತಿದ್ದರು. ಸತ್ಯನಾರಾಯಣಪೇಟೆಯ ಇಂಗ್ಲಿಷ್ ಶಾಲೆಯವರೂ, ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವವರ ಮಕ್ಕಳೂ ಇದ್ದರು. ಮೊದಲ ದಿನಗಳಲ್ಲಿ ಭಾಷೆಗೊಂದು ಗುಂಪು, ಶಾಲೆಗೊಂದು ಗುಂಪು. ಕುಳಿತವರ ಬೆನ್ನು ತಟ್ಟಬೇಕಾದಾಗ ಆ ಬೆನ್ನು ಯಾರದ್ದೆಂದು ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ತಿಂಗಳ ಕೊನೆಗೆ ನನ್ನ ಮಗಳು 'ಕೂರ್ಚೋ', 'ಬೈಠೋ', 'ಕುಂದುರು' ಮೂರನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಿದ್ದಳು. ಹುಡುಗ ಹುಡುಗಿಯರು ಒಟ್ಟಿಗೆ ಆಡಿದ್ದೂ ಒಳ್ಳೆಯದಾಯಿತು. ಇಬ್ಬರು ಪೋಷಕರು ಬೇರೆ ಬ್ಯಾಚು ಕೇಳಿದಾಗ ಮಾಸ್ತರು ಒಪ್ಪಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಮಹಿಳೆಯರು, ಪುರುಷರು ಇಬ್ಬರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದ್ದನ್ನು ಅವರು ಮಕ್ಕಳಿಗೆ ಹೇಳಿದ್ದು ಆ ದಿನವೇ.

ಇನ್ನು ದೂರುಗಳು. ಮಾಸ್ತರು ವಾರಕ್ಕೆ ನಾಲ್ಕು ದಿನ ಮಾತ್ರ ಬರುತ್ತಿದ್ದರು; ಉಳಿದ ಎರಡು ದಿನ ಒಬ್ಬ ಕಿರಿಯ ತರಬೇತುದಾರ. ಅವನಿಗೆ ಆಟ ಚೆನ್ನಾಗಿ ಗೊತ್ತಿತ್ತು, ಮಕ್ಕಳು ಗೊತ್ತಿರಲಿಲ್ಲ. ನಿಧಾನವಾಗಿ ಓಡುವ ಒಬ್ಬ ಹುಡುಗನಿಗೆ 'ಆಮೆ' ಎಂದೂ, ಮೈ ತುಂಬಿದ ಹುಡುಗಿಗೆ ಇಲ್ಲಿ ಬರೆಯಲಾಗದ ಇನ್ನೊಂದು ಹೆಸರನ್ನೂ ಇಟ್ಟ. ಮಾರನೆಯ ದಿನವೇ ಇಡೀ ಗುಂಪು ಅದೇ ಹೆಸರಿನಿಂದ ಅವರನ್ನು ಕರೆಯತೊಡಗಿತು. ಖೋ ಕೊಡುವಷ್ಟೇ ಬೇಗ ಮಕ್ಕಳು ಇದನ್ನೂ ಕಲಿಯುತ್ತಾರೆ. ಆ ಹುಡುಗಿ ಮೂರನೆಯ ವಾರದಿಂದ ಬರಲಿಲ್ಲ. ನಾನು ಕಚೇರಿಯಲ್ಲಿ ಹೇಳಿದಾಗ "ಮಕ್ಕಳು ಗಟ್ಟಿಯಾಗಬೇಕಲ್ರೀ" ಎಂಬ ಉತ್ತರ ಸಿಕ್ಕಿತು. ಮಾಸ್ತರಿಗೆ ಹೇಳಿದ ಮೇಲೆ ಹೆಸರಿಡುವುದು ನಿಂತಿತು, ಹೋದ ಮಗು ಮಾತ್ರ ಹಿಂದಿರುಗಲಿಲ್ಲ. ಕುಡಿಯುವ ನೀರಿಗೆ ಇಪ್ಪತ್ತೆಂಟು ಮಕ್ಕಳ ನಡುವೆ ಒಂದೇ ಡ್ರಮ್ಮು, ಅದಕ್ಕೆ ಕಟ್ಟಿದ ಒಂದು ಸ್ಟೀಲ್ ಲೋಟ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ. ಕೀಲಿಕೈ ಏಳೂವರೆಗೆ ಬರುವ ಕಾವಲುಗಾರನ ಬಳಿ.

ಸಮಾರೋಪದ ದಿನವಂತೂ ತಿಂಗಳಿಡೀ ಕಟ್ಟಿದ್ದನ್ನು ಒಂದೇ ಬೆಳಿಗ್ಗೆ ಕೆಡವಿದಂತಾಯಿತು. ಪಂದ್ಯಕ್ಕೆಂದು ಎರಡು ತಂಡಗಳಿಗೆ 'ಒಳ್ಳೆಯ' ಆಟಗಾರರನ್ನು ಆರಿಸಿ, ಉಳಿದ ಹತ್ತು ಮಕ್ಕಳನ್ನು ಚಪ್ಪಾಳೆ ತಟ್ಟಲು ಕೂರಿಸಿದರು. ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ. ನನ್ನ ಮಗಳು ಆಡಿದವರಲ್ಲಿದ್ದಳು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸ್ಕೂಟರಿನ ಗೆಳತಿ ಕೂತವರಲ್ಲಿದ್ದಳು. ಮುಖ್ಯ ಅತಿಥಿಗಳು ಬಂದದ್ದು ಎಂಟೂವರೆಗೆ, ಭಾಷಣ ಮುಗಿದದ್ದು ಒಂಬತ್ತೂಕಾಲಿಗೆ. ಮೇ ತಿಂಗಳ ಬಳ್ಳಾರಿಯಲ್ಲಿ ಆ ಹೊತ್ತಿಗೆ ಬಂಡೆಗುಡ್ಡಗಳ ಕಾವು ಮುಖಕ್ಕೆ ಹೊಡೆಯುತ್ತಿರುತ್ತದೆ. ಗೆರೆಯ ಹೊರಗೆ ಮೊಬೈಲು ಹಿಡಿದು ನಿಂತ ನಾವು, ಅಂದರೆ ತಂದೆತಾಯಿಗಳು, ಮಕ್ಕಳಿಗಿಂತ ಜೋರಾಗಿ ಕೂಗಿದೆವು. ತಿಂಗಳಿಡೀ ತಮ್ಮ ವ್ಯಾಜ್ಯವನ್ನು ತಾವೇ ಬಗೆಹರಿಸಿಕೊಂಡಿದ್ದ ಮಕ್ಕಳು ಅಂದು ಪ್ರತಿ ಮುಟ್ಟಿಗೂ ಅಪ್ಪ ಅಮ್ಮಂದಿರ ಮುಖ ನೋಡುತ್ತಿದ್ದರು. ತಾನೇ ಕೈ ಎತ್ತಿ ಹೊರನಡೆದಿದ್ದ ಆ ಹುಡುಗ ಅಂದು "ಮುಟ್ಟಿಲ್ಲ" ಎಂದು ಅಳುತ್ತ ನಿಂತ. ಗೆರೆಯಾಚೆಯಿಂದ ಅವನ ಮನೆಯವರು ಬಿಡಬೇಡ ಎಂದು ಕೂಗುತ್ತಿದ್ದರು. ಕೊನೆಗೆ ಒಬ್ಬರಿಗೇ 'ಅತ್ಯುತ್ತಮ ಆಟಗಾರ' ಕಪ್ಪು. ಒಂಬತ್ತು ಮಂದಿ ಒಬ್ಬರಿಗೊಬ್ಬರು ಒಪ್ಪಿಸುತ್ತ ಆಡುವ ಆಟದಲ್ಲಿ ಅತ್ಯುತ್ತಮ ಒಬ್ಬರು ಯಾರು ಎಂಬುದನ್ನು ಯಾವ ಲೆಕ್ಕದಿಂದ ಕಂಡುಹಿಡಿದರೋ.

ಹಾಗಾದರೆ ಮಗಳು ಬದಲಾದಳೇ ಎಂದು ಮನೆಯವರು ಕೇಳಿದರು. ತಂಡದ ಆಟ ಆಡುವ ಮಕ್ಕಳಲ್ಲಿ ಆತ್ಮವಿಶ್ವಾಸ, ಬೆರೆಯುವ ಗುಣ ಹೆಚ್ಚಿರುವುದು ಕಂಡುಬಂದಿದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 30 ಅಧ್ಯಯನಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಮಾಡಿದ್ದಾರೆ. ಆ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಕಾಲದ ಮಾಹಿತಿಯನ್ನು ಆಧರಿಸಿದವಾದ್ದರಿಂದ ಆಟದಿಂದಲೇ ಆ ಗುಣ ಬಂತೆಂದು ಹೇಳಲಾಗದು ಎಂಬ ಎಚ್ಚರಿಕೆಯನ್ನೂ ಅವರೇ ಕೊಟ್ಟಿದ್ದಾರೆ. ಬೆರೆಯುವ ಸ್ವಭಾವದ ಮಕ್ಕಳೇ ತಂಡಕ್ಕೆ ಸೇರಿರಬಹುದಲ್ಲವೇ? ನನ್ನ ಮನೆಯ ಸಾಕ್ಷ್ಯ ಅದಕ್ಕಿಂತಲೂ ತೆಳುವಾದದ್ದು. ಮೈದಾನದಲ್ಲಿ ಕಾಯುವುದನ್ನು ಕಲಿತ ಹುಡುಗಿ ಊಟದ ತಟ್ಟೆಯ ಮುಂದೆ ಈಗಲೂ ಕಾಯುವುದಿಲ್ಲ. ಹಾವು-ಏಣಿಯ ಹಾಸನ್ನು ಮಗುಚುವುದು ನಿಂತಿದೆ, ಆದರೆ ಸೋತ ಮೇಲೆ ಅರ್ಧ ಗಂಟೆ ಮಾತು ಬಿಡುತ್ತಾಳೆ. ಸಂಜೆ ಓಣಿಯಲ್ಲಿ ಲಗೋರಿ ಆಡುವಾಗ ಮಾತ್ರ ಇಬ್ಬಿಬ್ಬರನ್ನು ಜೋಡಿ ಮಾಡಿ ಹೆಸರಿಟ್ಟುಕೊಂಡು ಬರಲು ಕಳುಹಿಸುವವಳು ಅವಳೇ. ಅದನ್ನು ನಾನು ಹೇಳಿಕೊಟ್ಟಿಲ್ಲ.

ಐದಕ್ಕೆ ಅಂಕ ಕೊಡಬೇಕೆಂದರೆ ಮಾಸ್ತರು ಇದ್ದ ದಿನಗಳಿಗೆ ನಾಲ್ಕೂವರೆ, ಅವರಿಲ್ಲದ ದಿನಗಳಿಗೆ ಎರಡು, ಸಮಾರೋಪಕ್ಕೆ ಸೊನ್ನೆ. ಮುಂದಿನ ಬೇಸಿಗೆಗೂ ಮಗಳನ್ನು ಕಳುಹಿಸಲಿದ್ದೇನೆ, ಖೋ-ಖೋಗೇ, ಬೆಳಗಿನ ಬ್ಯಾಚಿಗೇ. ಹೆಸರು ಬರೆಸುವ ಮೊದಲು ಯಾವ ದಿನ ಯಾರು ಕಲಿಸುತ್ತಾರೆ, ಕೊನೆಯ ದಿನದ ಪಂದ್ಯದಲ್ಲಿ ಎಲ್ಲ ಮಕ್ಕಳೂ ಆಡುತ್ತಾರೆಯೇ ಎಂದು ಕೇಳಿ, ಉತ್ತರವನ್ನು ರಸೀದಿಯ ಹಿಂದೆ ಬರೆಸಿಕೊಳ್ಳುವ ವಿಚಾರವಿದೆ. ಸಂಜೆ ಬ್ಯಾಚು ಐದಕ್ಕೇ ಶುರುವಾಗುತ್ತದೆ. ಆ ಹೊತ್ತಿನಲ್ಲಿ ನೆಲದ ಕಾವಿಗೆ ಕುಳಿತುಕೊಳ್ಳುವುದೇ ಕಷ್ಟವೆಂದು ಅಲ್ಲಿಂದ ಬಿಟ್ಟು ಬಂದ ಇಬ್ಬರು ಮಕ್ಕಳು ಹೇಳಿದರು. ಮನೆಯಿಂದ ನೀರಿನ ಬಾಟಲಿಯನ್ನು ಕಡ್ಡಾಯವಾಗಿ ಕಳುಹಿಸಿ, ಹೆಣ್ಣುಮಕ್ಕಳಿದ್ದರೆ ಶೌಚಾಲಯದ ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿ. ಕ್ರಿಕೆಟ್ ಬ್ಯಾಚು ಮಾರ್ಚ್ ಕೊನೆಗೇ ತುಂಬಿಹೋಗುತ್ತದೆ. ಖೋ-ಖೋಗೆ ಏಪ್ರಿಲ್ ಎರಡನೆಯ ವಾರದಲ್ಲಿ ಹೋದರೂ ಜಾಗ ಸಿಕ್ಕಿತ್ತು.